ಮನೆ ವರ್ಕ್‌ಶಾಪ್‌ಗೆ ಲೇಥ್ ಮತ್ತು ಮಿಲ್ಲಿಂಗ್ ಎರಡೂ ಇರುವ ಒಂದೇ ಮೆಷಿನ್ ತಗೊಳ್ಳಬಹುದಾ?

ದೂರದರ್ಶಕ (ಮೈಸೂರು) · ಭಾನುವಾರ ಬೆಳಿಗ್ಗೆ 7:50

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಡಿಗ್ರಿ ಮಕ್ಕಳಿಗೆ ಫಿಸಿಕ್ಸ್ ಪಾಠ ಹೇಳುವವಳು. ಹತ್ತು ವರ್ಷದಿಂದ ಟೆಲಿಸ್ಕೋಪ್ ಕಟ್ಟುತ್ತಾ ಬಂದಿದ್ದೇನೆ. ಗಾಜು ಉಜ್ಜಿ ಕನ್ನಡಿ ಮಾಡುವುದು, ಪ್ಲೈವುಡ್ ಕೆಲಸ, ಕೊಳವೆಗೆ ಬಣ್ಣ, ಎಲ್ಲ ಮನೆಯಲ್ಲೇ. ಲೋಹದ ಕೆಲಸ ಬಂದಾಗ ಮಾತ್ರ ಕೈ ಕಟ್ಟಿದ ಹಾಗಾಗುತ್ತದೆ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಬ್ಬರು ಮಾಡಿಕೊಡುತ್ತಾರೆ, ಒಳ್ಳೆಯ ಕೆಲಸಗಾರರು. ಆದರೆ ನನ್ನದು ಯಾವಾಗಲೂ ಒಂದೇ ಪೀಸು. ಅವರು ಐನೂರು ಪೀಸಿನ ಬ್ಯಾಚ್ ನಿಲ್ಲಿಸಿ ನನಗಾಗಿ ಸೆಟ್ಟಿಂಗ್ ಹಾಕಬೇಕು. ಮೂರು ವಾರ ಕಾಯುತ್ತೇನೆ. ತಂದು ಜೋಡಿಸಿ ನೋಡಿದರೆ ಇನ್ನೊಂದು ಕಾಲು ಮಿಲಿಮೀಟರ್ ತೆಗೆದಿದ್ದರೆ ಸರಿಯಿತ್ತು ಅನ್ನಿಸುತ್ತದೆ. ಮತ್ತೆ ಮೂರು ವಾರ.

ಹಾಗಾಗಿ ಮನೆಗೇ ಮೆಷಿನ್ ತರಬೇಕೆಂದಿದ್ದೇನೆ. ಕಾರ್ ಶೆಡ್ಡಿನ ಹಿಂಬದಿಯಲ್ಲಿ 10 ಅಡಿ ಉದ್ದ, 7 ಅಡಿ ಅಗಲ ಜಾಗವಿದೆ. ಸಿಂಗಲ್ ಫೇಸ್ ಕರೆಂಟು. ಟೂಲು, ಚಕ್ಕು (ಲೋಹದ ತುಂಡನ್ನು ಹಿಡಿದು ತಿರುಗುವ ದವಡೆ) ಎಲ್ಲ ಸೇರಿ ಎರಡು ಲಕ್ಷ ದಾಟಬಾರದು. ಬೆಂಗಳೂರಿನ ಅಂಗಡಿಯೊಂದರಲ್ಲಿ ಕಾಂಬಿನೇಷನ್ ಮೆಷಿನ್ ತೋರಿಸಿದರು. ಕೆಳಗೆ ಲೋಹದ ತುಂಡನ್ನೇ ತಿರುಗಿಸಿ ಕತ್ತರಿಸುವ ಲೇಥ್, ಅದರ ಹೆಡ್‌ಸ್ಟಾಕ್ (ತುಂಡನ್ನು ತಿರುಗಿಸುವ ಭಾಗ) ಮೇಲೆ ಕಂಬ ನಿಲ್ಲಿಸಿ, ತಿರುಗುವ ಕಟರ್ ಇರುವ ಮಿಲ್ಲಿಂಗ್ ಹೆಡ್. ಸ್ವಿಂಗ್ (ತಿರುಗಿಸಬಹುದಾದ ಗರಿಷ್ಠ ವ್ಯಾಸ) 420 ಮಿಮೀ, ಸೆಂಟರ್ ನಡುವೆ (ಗರಿಷ್ಠ ಉದ್ದ) 500 ಮಿಮೀ. "ಲೇಥ್, ಮಿಲ್ಲಿಂಗ್, ಡ್ರಿಲ್ಲಿಂಗ್ ಮೂರೂ ಆಗುತ್ತೆ, ಜಾಗ ಒಂದೇ ಮೆಷಿನ್‌ದು" ಅಂದರು.

ನನ್ನ ಕೆಲಸಗಳು: 2 ಇಂಚಿನ ಫೋಕಸರ್ (ಐಪೀಸ್ ಹಿಂದೆ ಮುಂದೆ ಸರಿಸುವ ಭಾಗ), ಕ್ಯಾಮೆರಾ ಜೋಡಿಸುವ ಅಡಾಪ್ಟರಿನ ಸಣ್ಣ ತ್ರೆಡ್ಡು, 300 ಮಿಮೀ ಉದ್ದದ ಡವ್‌ಟೇಲ್ ಪ್ಲೇಟ್ (ಕೊಳವೆಯನ್ನು ಮೌಂಟಿಗೆ ಕೂರಿಸುವ, ಅಂಚು ಓರೆಯಾದ ಪಟ್ಟಿ), 8 ಇಂಚಿನ ಕನ್ನಡಿಗೆ 230 ಮಿಮೀ ವ್ಯಾಸದ ರಿಂಗು. ಮುಂದೆ ಒಂದು ದಿನ 144 ಹಲ್ಲಿನ ವರ್ಮ್ ವೀಲ್ (ಸ್ಕ್ರೂನಿಂದ ನಿಧಾನ ತಿರುಗುವ ಹಲ್ಲುಚಕ್ರ) ಮಾಡಿ ಆಕಾಶದ ಜೊತೆ ತಾನೇ ತಿರುಗುವ ಮೌಂಟ್ ಕಟ್ಟುವ ಆಸೆ ಇದೆ. ಹೆಚ್ಚಿನದೆಲ್ಲ ಅಲ್ಯೂಮಿನಿಯಂ, ಸ್ವಲ್ಪ ಹಿತ್ತಾಳೆ. ಅನುಭವಸ್ಥರು ದಾರಿ ತೋರಿಸಿ.

ಹಳೇ ಟರ್ನರ್ (ಹರಿಹರ) · ಭಾನುವಾರ ಬೆಳಿಗ್ಗೆ 10:15

ಮೇಡಂ, ಕೆಲಸದ ಪಟ್ಟಿ ಅಳತೆ ಸಮೇತ ಕೊಟ್ಟಿದ್ದೀರಿ, ಬಹಳ ಸಂತೋಷ. ಎಷ್ಟೋ ಜನ "ಯಾವ ಮೆಷಿನ್ ಒಳ್ಳೇದು" ಅಂತ ಕೇಳುತ್ತಾರೆ, ಏನು ಮಾಡಲಿಕ್ಕೆ ಅಂತ ಹೇಳುವುದಿಲ್ಲ.

ನಾನು ಮೈಸೂರು ಕಿರ್ಲೋಸ್ಕರ್‌ನಲ್ಲಿ ಇದ್ದವನು. 1941ರಲ್ಲಿ ಶುರುವಾದ ಕಾರ್ಖಾನೆ. ಅಲ್ಲಿ ಲೇಥ್ ಬೆಡ್ (ಉಳಿದ ಭಾಗಗಳೆಲ್ಲ ಕೂರುವ ಉದ್ದನೆಯ ಅಡಿಪಾಯ) ಎರಕ ಹೊಯ್ಯುವುದರಿಂದ ಹಿಡಿದು ಸ್ಕ್ರೇಪಿಂಗ್ ಮಾಡಿ ಬಣ್ಣ ಹೊಡೆಯುವವರೆಗೆ ಕಣ್ಣಾರೆ ನೋಡಿದ್ದೇನೆ. ಅದರ ಮೇಲೆ ಹೇಳುತ್ತೇನೆ, ಲೇಥಿನ ಜೀವ ಇರುವುದು ಬೆಡ್ಡಿನ ಅಗಲ ಮತ್ತು ತೂಕದಲ್ಲಿ. ಸ್ವಿಂಗ್ ನೋಡಿ ಮರುಳಾಗಬೇಡಿ.

420 ಸ್ವಿಂಗ್ ಅಂದರೆ ಬೆಡ್ಡಿನಿಂದ ಸೆಂಟರ್ 210 ಮಿಮೀ ಎತ್ತರದಲ್ಲಿದೆ. ಕಾಂಬಿನೇಷನ್ ಮೆಷಿನ್‌ನಲ್ಲಿ ಈ ಎತ್ತರ ಲೇಥ್ ಕೆಲಸಕ್ಕೆ ಅಂತ ಇಟ್ಟದ್ದಲ್ಲ. ಕ್ರಾಸ್ ಸ್ಲೈಡೇ (ಬೆಡ್ಡಿಗೆ ಅಡ್ಡಲಾಗಿ ಸರಿಯುವ ಭಾಗ) ಮಿಲ್ಲಿಂಗ್ ಟೇಬಲ್ ಆಗಬೇಕು, ಅದರ ಮೇಲೆ ವೈಸ್ ಕೂರಬೇಕು, ಜಾಬ್ (ಕೆಲಸದ ತುಂಡು) ಕೂರಬೇಕು, ಅದಕ್ಕೆ ಎತ್ತರ. ಆದರೆ ಬೆಡ್ಡಿನ ಅಗಲ ಮಾತ್ರ ಸಣ್ಣ ಲೇಥಿನಷ್ಟೇ. ಕಿರಿದಾದ ಬೆಡ್ಡು, ಅದರ ಮೇಲೆ ಉದ್ದಕ್ಕೆ ಸರಿಯುವ ಎತ್ತರದ ಸ್ಯಾಡಲ್, ಅದರ ಮೇಲೆ ಟೂಲ್ ಹಿಡಿಯುವ ಟೂಲ್ ಪೋಸ್ಟು, ಆಚೆ ತುದಿಯಲ್ಲಿ ಜಾಬಿಗೆ ಆಸರೆ ಕೊಡುವ ಎತ್ತರದ ಟೇಲ್‌ಸ್ಟಾಕು. ಟೂಲ್ ಲೋಹಕ್ಕೆ ತಗುಲಿದಾಗ ಬಲ ಬೀಳುವುದು ತುದಿಯಲ್ಲಿ, ಹಿಡಿತ ಇರುವುದು ಬುಡದಲ್ಲಿ. ನೀವು ಫಿಸಿಕ್ಸ್‌ನವರು, ಮಿಕ್ಕಿದ್ದು ನಾನು ಹೇಳಬೇಕಿಲ್ಲ.

ಅಂಗಡಿಗೆ ಹೋದಾಗ ಒಂದು ಪರೀಕ್ಷೆ ಮಾಡಿ. ಮ್ಯಾಗ್ನೆಟಿಕ್ ಸ್ಟ್ಯಾಂಡ್ ಬೆಡ್ಡಿನ ಮೇಲೆ ಕೂರಿಸಿ, ಡಯಲಿನ (ಸಣ್ಣ ಅಲುಗಾಟ ಅಳೆಯುವ ಗಡಿಯಾರದಂಥ ಉಪಕರಣ) ಕಡ್ಡಿಯನ್ನು ಟೂಲ್ ಪೋಸ್ಟಿಗೆ ತಾಗಿಸಿ. ಅಂಗೈಯಿಂದ ಟೂಲ್ ಪೋಸ್ಟ್ ಒತ್ತಿ. ಒಳ್ಳೆಯ ಮೆಷಿನ್‌ನಲ್ಲಿ ಮುಳ್ಳು ಸ್ವಲ್ಪ ನಡುಗಿ ಸೊನ್ನೆಗೇ ವಾಪಸ್ ಬರುತ್ತದೆ. ವಾಪಸ್ ಬಾರದೆ ಬೇರೆ ಕಡೆ ನಿಂತರೆ ಎಲ್ಲೋ ಸಡಿಲ ಇದೆ. ಗಿಬ್ (ಸ್ಲೈಡಿನ ಸಡಿಲ ತೆಗೆಯುವ ಪಟ್ಟಿ) ಬಿಗಿ ಮಾಡಿ ಮತ್ತೆ ನೋಡಿ. ಆಗಲೂ ಹಾಗೇ ಇದ್ದರೆ ಆ ಮೆಷಿನ್ ಬೇಡ.

ಪೀಣ್ಯ ಜಾಬ್‌ವರ್ಕ್ (ಬೆಂಗಳೂರು) · ಭಾನುವಾರ ಮಧ್ಯಾಹ್ನ 1:30

ಹಳೇ ಟರ್ನರ್ ಸರ್ ಬಲದ ಬಗ್ಗೆ ಹೇಳಿದರು, ನಾನು ವೇಗದ ಬಗ್ಗೆ ಹೇಳುತ್ತೇನೆ. ಕ್ಯಾಟಲಾಗಿನಲ್ಲಿ ಜನ ಮೋಟರ್ ಎಷ್ಟು ಎಚ್‌ಪಿ ಅಂತ ನೋಡುತ್ತಾರೆ. ನೀವು ಅತಿ ಕಡಿಮೆ ಆರ್‌ಪಿಎಂ ಎಷ್ಟು, ಅತಿ ಹೆಚ್ಚು ಎಷ್ಟು ಅಂತ ನೋಡಿ.

ಲೆಕ್ಕ ಸುಲಭ. ಕಟಿಂಗ್ ಸ್ಪೀಡನ್ನು (ಕಟ್ ಆಗುವಲ್ಲಿ ನಿಮಿಷಕ್ಕೆ ಎಷ್ಟು ಮೀಟರ್ ಓಟ ಅನ್ನೋದು) 1000ದಿಂದ ಗುಣಿಸಿ, ವ್ಯಾಸ ಮತ್ತು 3.14ರಿಂದ ಭಾಗಿಸಿ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿನಲ್ಲಿ ಎಂಎಸ್‌ಗೆ (ಮೈಲ್ಡ್ ಸ್ಟೀಲ್) ನಿಮಿಷಕ್ಕೆ 25 ಮೀಟರ್ ಅಂತ ಇಟ್ಟುಕೊಳ್ಳಿ. 25 ಮಿಮೀ ಸರಳಿಗೆ ಸುಮಾರು 320 ಆರ್‌ಪಿಎಂ, 100 ಮಿಮೀ ಫ್ಲ್ಯಾಂಜಿಗೆ 80. ನಿಮ್ಮ 230 ಮಿಮೀ ರಿಂಗು ಅಲ್ಯೂಮಿನಿಯಂ ಆದ್ದರಿಂದ 100 ಮೀಟರ್ ಓಡಿಸಬಹುದು, 138 ಬರುತ್ತದೆ. ಅದೇ ರಿಂಗು ಎಂಎಸ್ ಆಗಿದ್ದರೆ 35 ಬೇಕು. ಮೆಷಿನ್ 150ಕ್ಕಿಂತ ಕೆಳಗೆ ಇಳಿಯುವುದಿಲ್ಲ ಅಂದರೆ 420 ಸ್ವಿಂಗ್ ಇದ್ದೂ ಅಷ್ಟು ದೊಡ್ಡ ಸ್ಟೀಲ್ ಜಾಬ್ ಮಾಡಲಿಕ್ಕೆ ಆಗಲ್ಲ. ಟೂಲ್ ಸುಟ್ಟುಹೋಗುತ್ತೆ.

ಮಿಲ್ಲಿಂಗ್ ಕಡೆಗೆ ಬಂದರೆ ಉಲ್ಟಾ. 6 ಮಿಮೀ ಎಂಡ್ ಮಿಲ್ (ಮಿಲ್ಲಿಂಗ್ ಕಟರ್) ಅಲ್ಯೂಮಿನಿಯಂನಲ್ಲಿ 60 ಮೀಟರ್ ಓಡಬೇಕಾದರೆ 3000ದ ಮೇಲೆ ಆರ್‌ಪಿಎಂ ಬೇಕು. ಅಷ್ಟು ಸಿಗದಿದ್ದರೂ ಕೆಲಸ ಆಗುತ್ತೆ, ನಿಧಾನ ಆಗುತ್ತೆ ಅಷ್ಟೇ. ಕಡಿಮೆ ವೇಗ ಸಿಗದೇ ಇರೋದು ದೊಡ್ಡ ತೊಂದರೆ, ಹೆಚ್ಚು ವೇಗ ಸಿಗದೇ ಇರೋದು ಸಣ್ಣ ತೊಂದರೆ.

ಇನ್ನೊಂದು ಮಾತು. ಫೋಕಸರ್ ಬಾಡಿ ತಗೊಳ್ಳಿ. ಬೋರ್ (ಒಳಗಿನ ದುಂಡು ತೂತು) ಹೊಡೆಯಬೇಕು, ಚಪ್ಪಟೆ ಮುಖ ಮಿಲ್ ಮಾಡಬೇಕು, ತೂತು ಹಾಕಬೇಕು, ಮತ್ತೆ ಬೋರ್ ಫಿನಿಶ್. ಎರಡು ಮೆಷಿನ್ ಇದ್ದರೆ ಚಕ್ಕಿನಲ್ಲಿದ್ದ ಜಾಬ್ ಅಲ್ಲೇ ಇರುತ್ತೆ, ಪಕ್ಕದಲ್ಲಿ ಇನ್ನೊಂದು ಪೀಸು ಮಿಲ್ ಮಾಡ್ತೀರಿ. ಕಾಂಬಿನೇಷನ್‌ನಲ್ಲಿ ಟೂಲ್ ಪೋಸ್ಟ್ ಬಿಚ್ಚಿ, ವೈಸ್ ಹಾಕಿ, ವೈಸ್ ಸೀದಾ ಇದೆಯಾ ಅಂತ ಡಯಲ್ ಓಡಿಸಿ, ಕೆಲಸ ಮುಗಿಸಿ, ಮತ್ತೆ ವೈಸ್ ಬಿಚ್ಚಿ. ಸೆಟ್ಟಿಂಗ್ ಒಡೆದಾಗಲೆಲ್ಲ ಅಳತೆಯ ಮೂಲ ಜಾಗ ಕಳೆದುಹೋಗುತ್ತೆ. ನೀವು ನಮ್ಮಂಥವರ ಹತ್ತಿರ ಮೂರು ವಾರ ಕಾಯೋದನ್ನ ತಪ್ಪಿಸೋಕೆ ಹೊರಟಿದ್ದೀರಿ, ಅದನ್ನ ಯೋಚಿಸಿ.

ಕಡಲತೀರದ ಬೆಂಚು (ಉಡುಪಿ) · ಭಾನುವಾರ ರಾತ್ರಿ 8:05

ಇಲ್ಲಿ ಯಾರೂ ಕಾಂಬಿನೇಷನ್ ಪರವಾಗಿ ಮಾತಾಡಿಲ್ಲ. ಆರು ವರ್ಷದಿಂದ ಅದರಲ್ಲೇ ದುಡಿಯುತ್ತಿರುವವನು ನಾನು, ಹಾಗಾಗಿ ಹೇಳಲೇಬೇಕು.

ನಮ್ಮದು ಫ್ಲ್ಯಾಟು, ನೆಲಮಾಳಿಗೆಯ ಮೂಲೆ. ಎರಡನೇ ಮೆಷಿನ್ ಇಡಲು ಜಾಗವೇ ಇಲ್ಲ. ಕಾಂಬಿನೇಷನ್ ಇಲ್ಲದಿದ್ದರೆ ನನಗೆ ಮಿಲ್ಲಿಂಗ್ ಅನ್ನುವುದೇ ಇರುತ್ತಿರಲಿಲ್ಲ. ಬೋಟಿನ ನೀರಿನ ಪಂಪಿಗೆ ಹಿತ್ತಾಳೆ ಇಂಪೆಲ್ಲರ್ ಮಾಡಿದ್ದೇನೆ, ಹಳೆಯ ಹೊಲಿಗೆ ಮೆಷಿನ್ನಿಗೆ ಗೇರ್ ಮಾಡಿದ್ದೇನೆ. ಅರ್ಧ ಮಿಲಿಮೀಟರ್ ಕಟ್ ತೆಗೆದುಕೊಂಡು ತಾಳ್ಮೆಯಿಂದ ಹೋದರೆ ಬರುತ್ತದೆ.

ಪೀಣ್ಯದವರು ಹೇಳಿದ ಸೆಟ್ಟಿಂಗ್ ಒಡೆಯುವ ಕಷ್ಟ ನಿಜ. ಅದಕ್ಕೆ ನಾನು ಕೆಲಸದ ಕ್ರಮವನ್ನೇ ಬದಲಿಸಿಕೊಂಡೆ. ಹಿಂದಿನ ರಾತ್ರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ: ಟರ್ನಿಂಗ್ ಎಲ್ಲ ಒಂದು ಸಲ, ಮಿಲ್ಲಿಂಗ್ ಎಲ್ಲ ಒಂದು ಸಲ. ಎರಡನೆಯ ಚಕ್ಕು ಒಂದು ಇಟ್ಟುಕೊಂಡಿದ್ದೇನೆ. ಜಾಬನ್ನು ಚಕ್ಕಿನ ಸಮೇತ ಕಳಚಿ, ಒಂದು ಪ್ಲೇಟಿನ ಮೇಲೆ ಕೂರಿಸಿ ಟೇಬಲಿಗೆ ಕಟ್ಟುತ್ತೇನೆ. ಮತ್ತೆ ಸ್ಪಿಂಡಲಿಗೆ (ಚಕ್ಕು ಕೂರುವ, ತಿರುಗುವ ದಂಡ) ಹಾಕಿದಾಗ ಕೇಂದ್ರ ಅಲ್ಲೇ ಇರುತ್ತದೆ.

ದುಂಡು ಕಂಬದ ತೊಂದರೆ ಮಾತ್ರ ನೀವು ಮೊದಲೇ ತಿಳಿದಿರಬೇಕು. ಹೆಡ್ಡನ್ನು ಮೇಲೆ ಕೆಳಗೆ ಮಾಡಲು ಕ್ಲ್ಯಾಂಪ್ ಸಡಿಲಿಸಿದರೆ ಅದು ಕಂಬದ ಸುತ್ತ ತಿರುಗಿಬಿಡುತ್ತದೆ. ಉದ್ದದ ಡ್ರಿಲ್ ತೆಗೆದು ಗಿಡ್ಡ ಎಂಡ್ ಮಿಲ್ ಹಾಕುವಷ್ಟರಲ್ಲಿ ತೂತಿನ ಕೇಂದ್ರ ಹೋಯಿತು. ನಾನು ಒಂದು ಲೇಸರ್ ಪಾಯಿಂಟರನ್ನು ಹೆಡ್ಡಿಗೆ ಕಟ್ಟಿ, ಮೂರು ಮೀಟರ್ ಆಚೆಯ ಗೋಡೆಯ ಮೇಲೆ ನೇರ ಗೆರೆ ಎಳೆದಿದ್ದೇನೆ. ಹೆಡ್ ಎತ್ತಿದ ಮೇಲೆ ಚುಕ್ಕೆ ಗೆರೆಯ ಮೇಲೆ ಬರುವ ಹಾಗೆ ತಿರುಗಿಸಿ ಬಿಗಿ ಮಾಡುವುದು. ಕಂಬದಿಂದ ಸ್ಪಿಂಡಲ್ 200 ಮಿಮೀ ದೂರ, ಗೋಡೆ 3000 ಮಿಮೀ. ಗೋಡೆಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಕಟರಿನಲ್ಲಿ 0.07 ಮಿಮೀ ಕೂಡ ಇಲ್ಲ. ಕೊಳ್ಳುವುದಾದರೆ ಚೌಕ ಕಂಬದ ಡವ್‌ಟೇಲ್ ಇರುವುದನ್ನೇ ಹುಡುಕಿ, ಈ ಉಪದ್ವ್ಯಾಪ ಇರುವುದಿಲ್ಲ.

ಮಿಶಿಗನ್ ಕನ್ನಡಿಗ · ಸೋಮವಾರ ಬೆಳಿಗ್ಗೆ 6:20

ಉಡುಪಿಯವರ ಮಾತಿಗೆ ನನ್ನದೂ ದನಿ. ಈ ಕಡೆ ಮನೆಯ ಗ್ಯಾರೇಜುಗಳಲ್ಲಿ ಇಂಥ, ಮೂರು ಕೆಲಸ ಒಂದರಲ್ಲೇ ಆಗುವ ಮೆಷಿನ್‌ಗಳು ತುಂಬ ಇವೆ. ನಾನು ಸ್ಮಿಥಿ ಬ್ರಾಂಡಿನ ಹಳೆಯ ಕಾಂಬಿನೇಷನ್ ಒಂದನ್ನು ನೆರೆಯವರಿಂದ ಕೊಂಡು ನಾಲ್ಕು ವರ್ಷ ಬಳಸಿದೆ. ಆಮೇಲೆ ಪಕ್ಕದಲ್ಲಿ ಸಣ್ಣ ಬೆಂಚ್ ಮಿಲ್ಲಿಂಗ್ ಬಂತು. ಅದು ಬಂದ ದಿನದಿಂದ ಕಾಂಬಿನೇಷನ್ನಿನ ಮಿಲ್ಲಿಂಗ್ ಹೆಡ್ಡನ್ನು ತೂತು ಕೊರೆಯಲಿಕ್ಕೆ ಮಾತ್ರ ಮುಟ್ಟುತ್ತಿದ್ದೇನೆ, ಲೇಥ್ ಭಾಗವನ್ನು ದಿನಾ ಬಳಸುತ್ತೇನೆ. ಮುಂದೆ ಯಾವತ್ತಾದರೂ ಎರಡನೇ ಮೆಷಿನ್‌ಗೆ ಜಾಗ ಸಿಗುತ್ತದೆ ಅನ್ನುವುದಾದರೆ, ಲೇಥ್ ಭಾಗ ಚೆನ್ನಾಗಿರುವುದನ್ನು ಆರಿಸಿ. 10 ಅಡಿ ಉದ್ದದಲ್ಲಿ ಎರಡು ಸಣ್ಣ ಮೆಷಿನ್ ಹಿಡಿಸುತ್ತವೆ ಅಂತ ನನ್ನ ಅಂದಾಜು.

ಗೋಕುಲ ರೋಡ್ ಫಿಟ್ಟರ್ (ಹುಬ್ಬಳ್ಳಿ) · ಸೋಮವಾರ ರಾತ್ರಿ 9:40

ಅಕ್ಕಾವ್ರ, ಹೊಸಾದ್ದಽ ಯಾಕ ಬೇಕು? ಎರಡು ಲಕ್ಷದಾಗ ಹಳೇ ನಾಲ್ಕೂವರೆ ಅಡಿ ಲೇಥ್ ಸಿಗತದ, ರೊಕ್ಕ ಉಳಿತದ, ಆ ರೊಕ್ಕದಾಗ ಟೂಲ್ ತಗೋರಿ. ಸಣ್ಣ ಮಷಿನ್ ಶಾಪ್ ಮಂದಿ ಸಿಎನ್‌ಸಿ ತಂದಮ್ಯಾಲೆ ಹಳೇವು ಮೂಲ್ಯಾಗ ನಿಂತಾವು. ಆರೂವರೆ ಇಂಚ್ ಸೆಂಟರ್ ಇದ್ರ ಸ್ವಿಂಗ್ 330 ಮಿಮೀ ಆತು. ನಿಮ್ಮ ರಿಂಗ್ 230. ಸಾಕಲ್ಲ?

ನೋಡೂದು ಹ್ಯಾಂಗ ಅಂದ್ರ, ಚಕ್ಕಿನ ಹತ್ತಿರ ಬೆಡ್ ಸವದಿರತದ, ಎಲ್ಲಾ ಕೆಲಸ ಅಲ್ಲೇ ಆಗಿರತದ. ಸ್ಯಾಡಲ್ ಚಕ್ಕಿನ ಹತ್ತಿರ ತಂದು ಆಡದಂಗ ಗಿಬ್ ಬಿಗಿ ಮಾಡ್ರಿ. ಆಮ್ಯಾಲೆ ಟೇಲ್‌ಸ್ಟಾಕ್ ಕಡೆ ತಿರುವಿಕೊಂಡು ಹೋಗ್ರಿ. ಹೋಗ್ತಾ ಹೋಗ್ತಾ ಬಿಗಿ ಆಗಿ ನಿಂತುಬಿಟ್ರ ಬೆಡ್ ತಿಂದದ ಅಂತ ಅರ್ಥ. ಸ್ವಲ್ಪ ಬಿಗಿ ಆದ್ರ ಚಿಂತಿಲ್ಲ. ಸ್ಪಿಂಡಲ್ ಬೇರಿಂಗ್ ನೋಡಾಕ, ಚಕ್ಕಿಗೆ ದಪ್ಪ ಸರಳ ಹಿಡಿದು, ಕೆಳಗ ಕಟಿಗಿ ತುಂಡು ಕೊಟ್ಟು ಎತ್ತರಿ, ಚಕ್ ಮ್ಯಾಲೆ ಡಯಲ್ ಇರ್ಲಿ. 20 ಮೈಕ್ರಾನ್ ಒಳಗ ಇದ್ರ ಒಳ್ಳೇದು. ಲೀಡ್ ಸ್ಕ್ರೂ (ತ್ರೆಡ್ ಹಾಕುವಾಗ ಸ್ಯಾಡಲ್ ಎಳಿಯೋ ಉದ್ದನ್ನ ಸ್ಕ್ರೂ) ಇಂಚಿಂದೋ ಮಿಲಿಮೀಟರಿಂದೋ ಕೇಳ್ರಿ. ಚೇಂಜ್ ಗೇರ್ (ತ್ರೆಡ್ ಅಳತಿ ಬದಲಿಸೋ ಹಲ್ಲುಚಕ್ರ) ಡಬ್ಬಿ ಪೂರ್ತಿ ಕೊಡ್ತಾರೇನು ಕೇಳ್ರಿ, ಅದು ಬಹಳ ಮುಖ್ಯ, ಮಂದಿ ಕಳಕೊಂಡಿರ್ತಾರ.

ಮೋಟರ್ ತ್ರೀ ಫೇಸ್ ಇರತದ ಅಂತ ಅಂಜಬ್ಯಾಡ್ರಿ. ಸಿಂಗಲ್ ಫೇಸ್ ಒಳಗ ಕೊಟ್ರ ತ್ರೀ ಫೇಸ್ ಹೊರಗ ಕೊಡೋ ವಿಎಫ್‌ಡಿ (ಮೋಟರ್ ವೇಗ ಬದಲಿಸೋ ಡ್ರೈವ್) ಬರತದ. ಅದು ಕೊಡೂದು 230 ವೋಲ್ಟ್. ಮೋಟರ್ ಮ್ಯಾಲಿನ ಪ್ಲೇಟ್ ಓದ್ರಿ. ಸ್ಟಾರ್, ಡೆಲ್ಟಾ ಅಂದ್ರ ಒಳಗಿನ ಸುರುಳಿ ಜೋಡಿಸೋ ಎರಡು ರೀತಿ. 415 ವೋಲ್ಟ್ ಸ್ಟಾರ್ ಅಂತ ಇದ್ದು, ಡಬ್ಬಿ ತೆಗೆದಾಗ ಆರು ತುದಿ ಕಂಡ್ರ, ಪಟ್ಟಿ ತಿರುಗಿಸಿ ಡೆಲ್ಟಾ ಮಾಡಿದ್ರ 230ಕ್ಕ ನಡೀತದ. 415 ಡೆಲ್ಟಾ ಅಂತ ಬರೆದಿದ್ರ ನಡೆಯೂದಿಲ್ಲ. ಮೂರಽ ವೈರ್ ಹೊರಗ ಬಂದಿದ್ರ ಸ್ಟಾರ್ ಗಂಟು ಒಳಗ ಅದ, ವೈಂಡಿಂಗ್ ಅಂಗಡಿಯವ ತೆಗೆದು ಕೊಡ್ತಾನ. ಹಳೇ ಫಾರ್ವರ್ಡ್ ರಿವರ್ಸ್ ಹಿಡಿಕಿ ಇರತದಲ್ಲ, ಅದನ್ನ ವಿಎಫ್‌ಡಿ ಮತ್ತ ಮೋಟರ್ ನಡುವ ಬಿಡಬ್ಯಾಡ್ರಿ, ವಿಎಫ್‌ಡಿ ಸುಟ್ಟು ಹೋಗತದ. ಮತ್ತ ಅರ್ಥಿಂಗ್ ಛಲೋ ಇರ್ಲಿ.

ದೂರದರ್ಶಕ (ಮೈಸೂರು) · ಮಂಗಳವಾರ ರಾತ್ರಿ 10:10

ಎಲ್ಲವನ್ನೂ ಎರಡೆರಡು ಸಲ ಓದಿದೆ. ಲೇಸರ್ ಉಪಾಯವನ್ನು ನಾಳೆಯೇ ಆಪ್ಟಿಕ್ಸ್ ಕ್ಲಾಸಿನಲ್ಲಿ ಹೇಳುತ್ತೇನೆ, ಅನುಮತಿ ಇದೆ ಅಂದುಕೊಂಡಿದ್ದೇನೆ.

ಹುಬ್ಬಳ್ಳಿಯವರ ಸಲಹೆ ಮನಸ್ಸಿಗೆ ಹಿಡಿಸಿತು. ಆದರೆ ಹಳೇ ಲೇಥ್ ಒಂದೇ ತಂದರೆ ಮಿಲ್ಲಿಂಗ್ ಹೇಗೆ? ಲೇಥ್ ಮೇಲೆಯೇ ವರ್ಟಿಕಲ್ ಸ್ಲೈಡ್ (ಜಾಬನ್ನು ಮೇಲೆ ಕೆಳಗೆ ಸರಿಸುವ ಜೋಡಣೆ) ಹಾಕಿ ಮಿಲ್ ಮಾಡುತ್ತಾರೆ ಅಂತ ಓದಿದ್ದೇನೆ. ಎಷ್ಟರ ಮಟ್ಟಿಗೆ ಆಗುತ್ತದೆ?

ಹಳೇ ಟರ್ನರ್ (ಹರಿಹರ) · ಬುಧವಾರ ಬೆಳಿಗ್ಗೆ 8:30

ಆಗುತ್ತದೆ ಮೇಡಂ. ಇಂಗ್ಲೆಂಡಿನಲ್ಲಿ ಮೈಫೋರ್ಡ್ ಕಂಪನಿಯ ಸಣ್ಣ ಲೇಥ್ ಇಟ್ಟುಕೊಂಡವರು ದಶಕಗಟ್ಟಲೆ ಹಾಗೆಯೇ ಆಟಿಕೆ ಉಗಿ ಎಂಜಿನ್ ಕಟ್ಟಿದ್ದಾರೆ. ಕ್ರಾಸ್ ಸ್ಲೈಡ್ ಮೇಲೆ ವರ್ಟಿಕಲ್ ಸ್ಲೈಡ್, ಅದಕ್ಕೆ ಸಣ್ಣ ವೈಸ್. ಕಟರ್ ಇರುವುದು ಲೇಥ್ ಸ್ಪಿಂಡಲಿನಲ್ಲಿ. ಜಾಬ್ ಅಡ್ಡಡ್ಡ ಕ್ರಾಸ್ ಸ್ಲೈಡಿನಿಂದ ಓಡುತ್ತದೆ, ಮೇಲೆ ಕೆಳಗೆ ವರ್ಟಿಕಲ್ ಸ್ಲೈಡಿನಿಂದ, ಕಟ್ಟಿನ ಆಳ ಸ್ಯಾಡಲಿನಿಂದ.

ಕಟರನ್ನು ಡ್ರಿಲ್ ಚಕ್ಕಿನಲ್ಲಿ ಹಿಡಿಯಬೇಡಿ, ಯಾರು ಹೇಳಿದರೂ ಹಿಡಿಯಬೇಡಿ. ಡ್ರಿಲ್ ಚಕ್ ನೇರ ಒತ್ತಡಕ್ಕೆ ಮಾಡಿದ್ದು. ಪಕ್ಕದ ಬಲ ಬಿದ್ದರೆ ಅದು ಟೇಪರಿನಿಂದ ಕಳಚಿ ಎಂಡ್ ಮಿಲ್ ಸಮೇತ ಹಾರುತ್ತದೆ. ನಮ್ಮ ಜೊತೆಯವರೊಬ್ಬರ ಬೆರಳಿನ ಗೆಣ್ಣಿಗೆ ಹಾಗೆ ಪೆಟ್ಟಾದದ್ದನ್ನು ನಾನು ನೋಡಿದ್ದೇನೆ. ಇಆರ್32 ಅಳತೆಯ ಕಾಲೆಟ್ ಚಕ್ (ಕಟರನ್ನು ಸುತ್ತಲೂ ಬಿಗಿಹಿಡಿಯುವುದು) ತನ್ನಿ, ಸ್ಪಿಂಡಲಿನ ಹಿಂದಿನಿಂದ ಡ್ರಾ ಬಾರ್ (ಉದ್ದ ಬೋಲ್ಟು) ಹಾಕಿ ಎಳೆದು ಬಿಗಿ ಮಾಡಿ. ಕಟರ್ ಹೊರಗೆ ಎಷ್ಟು ಕಡಿಮೆ ಚಾಚಿದರೆ ಅಷ್ಟು ಒಳ್ಳೆಯದು. ಚಾಚುವುದು ಎರಡರಷ್ಟಾದರೆ ಬಗ್ಗುವುದು ಎಂಟರಷ್ಟು.

ನಿಮ್ಮ ಪಟ್ಟಿಯಲ್ಲಿ ಫೋಕಸರಿನ ಚಪ್ಪಟೆ ಮುಖ, ಸ್ಲಾಟು, ಸಣ್ಣ ತೂತು ಎಲ್ಲ ಬರುತ್ತದೆ. ವರ್ಮ್ ವೀಲ್ ಕೂಡ ಬರುತ್ತದೆ. 40ಕ್ಕೆ 1ರ ಡಿವೈಡಿಂಗ್ ಹೆಡ್ (ಹಿಡಿ 40 ಸುತ್ತು ತಿರುಗಿಸಿದರೆ ಜಾಬ್ ಒಂದು ಸುತ್ತು ತಿರುಗುವ ಉಪಕರಣ) ಸಿಕ್ಕಿದರೆ 144 ಹಲ್ಲಿಗೆ 18 ತೂತಿನ ಸುತ್ತಿನಲ್ಲಿ 5 ತೂತು ಮುಂದೆ ಹೋಗುತ್ತಾ ಮೊದಲು ಹಲ್ಲು ಗೀರಬೇಕು. ಆಮೇಲೆ ಚಕ್ರವನ್ನು ಪಿನ್ನಿನ ಮೇಲೆ ಬಿಡುವಾಗಿ ತಿರುಗುವಂತೆ ಕೂರಿಸಿ, ಸ್ಪಿಂಡಲಿನಲ್ಲಿ ಟ್ಯಾಪ್ (ತ್ರೆಡ್ ಕತ್ತರಿಸುವ ಟೂಲ್) ತಿರುಗಿಸಿ ಒತ್ತಿದರೆ ಅದು ತಾನೇ ಹಲ್ಲು ತಿದ್ದಿಕೊಳ್ಳುತ್ತದೆ.

ಆಗದೇ ಇರುವುದು 300 ಮಿಮೀ ಡವ್‌ಟೇಲ್ ಪ್ಲೇಟ್. ಕ್ರಾಸ್ ಸ್ಲೈಡ್ ಅದರ ಅರ್ಧ ಓಡಿದರೆ ಹೆಚ್ಚು. ಅದನ್ನು ಹೆಬ್ಬಾಳದವರಿಗೇ ಕೊಡಿ. ಒಂದು ಸಲಕ್ಕೆ ನಾಲ್ಕು ಮಾಡಿಸಿಟ್ಟುಕೊಳ್ಳಿ, ಅವರಿಗೂ ಬ್ಯಾಚ್ ಆಗುತ್ತದೆ. ಪಟ್ಟಿಯ ಒಂದು ಕೆಲಸಕ್ಕಾಗಿ ಮೆಷಿನ್ನೇ ಬದಲಿಸುವುದು ಬೇಡ.

ಪೀಣ್ಯ ಜಾಬ್‌ವರ್ಕ್ (ಬೆಂಗಳೂರು) · ಬುಧವಾರ ಮಧ್ಯಾಹ್ನ 2:00

ದುಡ್ಡಿನ ವಿಷಯ. ಎರಡು ಲಕ್ಷದಲ್ಲಿ ಮೆಷಿನ್‌ಗೆ ಒಂದೂಕಾಲಕ್ಕಿಂತ ಜಾಸ್ತಿ ಕೊಡಬೇಡಿ. ಹೊಸ ಮೆಷಿನ್ ಆದರೆ ಹೇಳಿದ ಬೆಲೆಯ ಮೇಲೆ 18% ಜಿಎಸ್‌ಟಿ ಇದೆಯಾ ಸೇರಿದೆಯಾ ಕೇಳಿ. ಟ್ರೂ ಚಕ್ (ಮೂರು ದವಡೆ ಒಟ್ಟಿಗೆ ಸರಿಯುವುದು) ಜೊತೆಗೆ ಡಾಗ್ ಚಕ್ (ನಾಲ್ಕು ದವಡೆ ಬೇರೆ ಬೇರೆ ಸರಿಯುವುದು) ಬೇಕೇ ಬೇಕು, ಟೆಲಿಸ್ಕೋಪ್ ಭಾಗಕ್ಕೆ ನಾಲ್ಕು ದವಡೆಯಲ್ಲಿ ಡಯಲ್ ಹಾಕಿ ಸೆಂಟರ್ ಮಾಡಿದರೇನೇ ತೃಪ್ತಿ. ಬೋರಿಂಗ್ ಬಾರ್, ಡಯಲ್ ಮತ್ತು ಸ್ಟ್ಯಾಂಡ್, ಮೈಕ್ರೋಮೀಟರ್, ರಿವಾಲ್ವಿಂಗ್ ಸೆಂಟರ್, ಎಚ್‌ಎಸ್‌ಎಸ್ ಟೂಲ್ ಬಿಟ್ ನಾಲ್ಕೈದು, ಟೂಲ್ ಉಜ್ಜಲು ಬೆಂಚ್ ಗ್ರೈಂಡರ್. ಎಸ್‌ಪಿ ರೋಡ್, ಎನ್‌ಆರ್ ರೋಡ್ ಸುತ್ತಿದರೆ ಒಂದೇ ದಿನದಲ್ಲಿ ಎಲ್ಲ ಆಗುತ್ತೆ. ಅಲ್ಯೂಮಿನಿಯಂಗೆ ಬ್ರಷ್‌ನಲ್ಲಿ ಸೀಮೆಎಣ್ಣೆ ಹಚ್ಚಿ, ಟೂಲ್ ತುದಿಗೆ ಲೋಹ ಅಂಟಲ್ಲ.

ಕಡಲತೀರದ ಬೆಂಚು (ಉಡುಪಿ) · ಬುಧವಾರ ಸಂಜೆ 6:45

ಲೇಸರ್ ಉಪಾಯ ಧಾರಾಳವಾಗಿ ಹೇಳಿ ಮೇಡಂ. ಹಳೇ ಲೇಥಿಗೆ ಹೊರಟಿದ್ದೀರಿ ಅಂದರೆ ನನಗೆ ಬೇಸರವಿಲ್ಲ, 10 ಅಡಿ ಜಾಗ ಇದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಮಳೆಗಾಲಕ್ಕೆ ಬೆಡ್ಡಿಗೆ 68 ನಂಬರಿನ ಸ್ಲೈಡ್‌ವೇ ಆಯಿಲ್ ಹಚ್ಚಿ, ಹತ್ತಿ ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಬೆವರಿ ತುಕ್ಕು ಹಿಡಿಯುತ್ತದೆ.

ದೂರದರ್ಶಕ (ಮೈಸೂರು) · ಮೂರು ವಾರದ ನಂತರ, ಭಾನುವಾರ ರಾತ್ರಿ 9:00

ಮೊದಲು ಬೆಂಗಳೂರಿಗೆ ಹೋಗಿ ಕಾಂಬಿನೇಷನ್ ನೋಡಿದೆ. ಡಯಲ್ ಒಯ್ದಿದ್ದೆ. ಟೂಲ್ ಪೋಸ್ಟ್ ಒತ್ತಿದಾಗ ಮುಳ್ಳು 60 ಮೈಕ್ರಾನ್ ಹೋಯಿತು, ಕೈ ಬಿಟ್ಟಾಗ 25ಕ್ಕೆ ನಿಂತಿತು. ಗಿಬ್ ಬಿಗಿ ಮಾಡಲು ಕೇಳಿದೆ, ಮಾಡಿದರು. ಹ್ಯಾಂಡಲ್ ತಿರುಗಿಸಲು ಎರಡು ಕೈ ಬೇಕಾಯಿತು, ಮುಳ್ಳು ಆಗಲೂ 15ಕ್ಕೇ ನಿಂತಿತು. ಅಂಗಡಿಯವರು ಮರ್ಯಾದೆಯಿಂದಲೇ ಎಲ್ಲ ತೋರಿಸಿದರು, ಕಾಫಿ ಕೊಟ್ಟರು. ನಾನು ಧನ್ಯವಾದ ಹೇಳಿ ಬಂದೆ.

ಆಮೇಲೆ ಮಂಡ್ಯದ ಹತ್ತಿರ ಒಬ್ಬರು ಪಂಪ್ ರಿಪೇರಿ ಶಾಪ್ ಮುಚ್ಚುತ್ತಿದ್ದಾರೆ ಅಂತ ಗೊತ್ತಾಯಿತು. ನಾಲ್ಕೂವರೆ ಅಡಿ ಲೇಥ್, ಆರೂವರೆ ಇಂಚ್ ಸೆಂಟರ್, ಬ್ಯಾಕ್ ಗೇರ್ (ವೇಗ ಇಳಿಸುವ ಗೇರು) ಇದೆ, ಕಡಿಮೆ ವೇಗ 45 ಆರ್‌ಪಿಎಂ. ಸ್ಯಾಡಲ್ ಟೇಲ್‌ಸ್ಟಾಕ್ ಕಡೆ ಕೊನೆಯ ಒಂದು ಅಡಿಯಲ್ಲಿ ಬಿಗಿಯಾಯಿತು, ನಿಲ್ಲಲಿಲ್ಲ. ಸ್ಪಿಂಡಲ್ 15 ಮೈಕ್ರಾನ್. ಮೋಟರ್ 1 ಎಚ್‌ಪಿ, 415 ಸ್ಟಾರ್, ಡಬ್ಬಿಯೊಳಗೆ ಆರು ತುದಿ. ಅದನ್ನು ನೋಡಿದಾಗ ಹುಬ್ಬಳ್ಳಿಯ ಅಣ್ಣನನ್ನು ನೆನೆಸಿಕೊಂಡೆ. ಮಾಲೀಕರು ಮೂವತ್ತು ವರ್ಷ ಅದರಲ್ಲೇ ದುಡಿದವರಂತೆ. ಲಾರಿಗೆ ಏರಿಸುವ ಮೊದಲು ಬೆಡ್ಡನ್ನು ತಮ್ಮ ಟವೆಲ್ಲಿನಿಂದ ಒರೆಸಿ, ಯಾವ ಎಣ್ಣೆಗುಂಡಿಗೆ ದಿನಕ್ಕೆ ಎಷ್ಟು ಹನಿ ಅಂತ ಒಂದೊಂದನ್ನೂ ಮುಟ್ಟಿ ತೋರಿಸಿದರು. ಬರೆದುಕೊಂಡಿದ್ದೇನೆ.

ಈಗ ಶೆಡ್ಡಿನಲ್ಲಿ ನಿಂತಿದೆ, ವಿಎಫ್‌ಡಿ ಹಾಕಿ ಓಡಿಸಿದ್ದೇನೆ. 230 ಮಿಮೀ ರಿಂಗು ಮೊನ್ನೆ ಡಾಗ್ ಚಕ್ಕಿನಲ್ಲಿ ತಿರುಗಿಸಿ ಫಿನಿಶ್ ಮಾಡಿದೆ. ಕನ್ನಡಿ ಕೂರುವ ಅಂಚು ಸುತ್ತಲೂ 30 ಮೈಕ್ರಾನ್ ಒಳಗೆ ಇದೆ.

ಒಂದು ತೊಡಕು. ಲೀಡ್ ಸ್ಕ್ರೂ ಇಂಚಿನದು, ಇಂಚಿಗೆ 4 ತ್ರೆಡ್ಡು. ನನಗೆ ಬೇಕಾದದ್ದು ಕ್ಯಾಮೆರಾ ಅಡಾಪ್ಟರಿನ ಎಂ42×0.75 (ವ್ಯಾಸ 42 ಮಿಮೀ, ಪಿಚ್ ಅಂದರೆ ತ್ರೆಡ್ಡಿನಿಂದ ತ್ರೆಡ್ಡಿಗೆ ಅಂತರ 0.75 ಮಿಮೀ) ಮತ್ತು ಫಿಲ್ಟರಿನ ಎಂ28.5×0.6. ಚೇಂಜ್ ಗೇರ್ ಡಬ್ಬಿಯಲ್ಲಿ 20ರಿಂದ 120ರವರೆಗೆ ಐದೈದರ ಅಂತರದಲ್ಲಿ ಇವೆ. ಹೇಗೆ ಹೊಂದಿಸಿದರೂ ಸರಿಯಾಗಿ ಬರುತ್ತಿಲ್ಲ.

ಹಳೇ ಟರ್ನರ್ (ಹರಿಹರ) · ಭಾನುವಾರ ರಾತ್ರಿ 9:50

ಒಳ್ಳೆಯ ಮೆಷಿನ್ ಒಳ್ಳೆಯವರ ಕೈಯಿಂದ ಬಂದಿದೆ. ಬಹಳ ಸಂತೋಷವಾಯಿತು.

ನಿಮಗೆ ಬೇಕಾದದ್ದು 127 ಹಲ್ಲಿನ ಗೇರ್. 25.4ಕ್ಕೆ ಐದರಿಂದ ಗುಣಿಸಿದರೆ 127, ಅದಿಲ್ಲದೆ ಇಂಚಿನಿಂದ ಮಿಲಿಮೀಟರಿಗೆ ನಿಖರವಾಗಿ ದಾಟಲಾಗುವುದಿಲ್ಲ. ನಿಮ್ಮ ಲೀಡ್ ಸ್ಕ್ರೂ ಪಿಚ್ 6.35. 0.75ನ್ನು ಅದರಿಂದ ಭಾಗಿಸಿದರೆ 15/127. ಸ್ಪಿಂಡಲ್ ಕಡೆಯಿಂದ 20 ಹಲ್ಲಿನದು 80ನ್ನು ತಿರುಗಿಸಬೇಕು, 80ರ ಜೊತೆ ಅದೇ ಪಿನ್ನಿನಲ್ಲಿ 60, ಆ 60 ಲೀಡ್ ಸ್ಕ್ರೂ ಮೇಲಿನ 127ನ್ನು ತಿರುಗಿಸಬೇಕು. 0.6ಕ್ಕೆ 80 ತೆಗೆದು 100 ಹಾಕಿದರೆ ಆಯಿತು, ಉಳಿದದ್ದು ಹಾಗೇ.

ಇಂಚಿನ ಲೀಡ್ ಸ್ಕ್ರೂನಲ್ಲಿ ಮೆಟ್ರಿಕ್ ತ್ರೆಡ್ ಹಾಕುವಾಗ ಮುಗಿಯುವವರೆಗೆ ಹಾಫ್ ನಟ್ (ಸ್ಯಾಡಲನ್ನು ಲೀಡ್ ಸ್ಕ್ರೂಗೆ ಕಚ್ಚಿಸುವ ನಟ್ಟು) ಬಿಡಬಾರದು. ಕಟ್ ಮುಗಿದ ಮೇಲೆ ಟೂಲ್ ಹಿಂದೆಳೆದು, ಮೋಟರ್ ಉಲ್ಟಾ ಓಡಿಸಿ ವಾಪಸ್ ಬನ್ನಿ. ಒಂದು ಎಚ್ಚರಿಕೆ: ನಿಮ್ಮ ಚಕ್ಕು ಸ್ಪಿಂಡಲಿಗೆ ತ್ರೆಡ್ಡಿನಿಂದ ಕೂರುವುದಾದರೆ, ವಿಎಫ್‌ಡಿಯಲ್ಲಿ ತಟ್ಟನೆ ನಿಲ್ಲಿಸಿ ಉಲ್ಟಾ ಮಾಡಿದರೆ ಚಕ್ಕು ಬಿಚ್ಚಿಕೊಂಡು ಬರುತ್ತದೆ. ನಿಲ್ಲಲು ಐದಾರು ಸೆಕೆಂಡ್ ತೆಗೆದುಕೊಳ್ಳುವ ಹಾಗೆ ಸೆಟ್ ಮಾಡಿ, ಬ್ಯಾಕ್ ಗೇರಿನಲ್ಲೇ ತ್ರೆಡ್ ಹಾಕಿ.

ನನ್ನ ಪೆಟ್ಟಿಗೆಯಲ್ಲಿ ಒಂದು 127 ಇದೆ, ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) 1.5ರದ್ದು. ನಿಮ್ಮದಕ್ಕೆ ಹೊಂದುತ್ತದಾ ನೋಡಬೇಕು. 60 ಹಲ್ಲಿನ ಗೇರಿನ ಹೊರವ್ಯಾಸ ಅಳೆದು ಹೇಳಿ. 93 ಮಿಮೀ ಬಂದರೆ ಮಾಡ್ಯೂಲ್ 1.5, 124 ಬಂದರೆ 2. ಒಳಗಿನ ತೂತು, ಕೀ ವೇ (ಗೇರ್ ಜಾರದಂತೆ ಕೀ ಕೂರುವ ಗಾಡಿ) ಅಗಲವನ್ನೂ ಬರೆಯಿರಿ. 127ರ ಹೊರವ್ಯಾಸ 193.5 ಆಗುತ್ತದೆ, ಗೇರ್ ಕವರಿನ ಒಳಗೆ ಅಷ್ಟು ಜಾಗ ಇದೆಯಾ ನೋಡಿ.

ದೂರದರ್ಶಕ (ಮೈಸೂರು) · ಭಾನುವಾರ ರಾತ್ರಿ 10:25

ಟಾರ್ಚ್ ಹಿಡಿದು ಈಗಲೇ ಹೋಗಿ ಅಳೆದೆ. 60 ಹಲ್ಲಿನದು 92.9. ತೂತು 20, ಕೀ ವೇ 6. ಕವರ್ ಒಳಗೆ ಲೀಡ್ ಸ್ಕ್ರೂ ತುದಿಯಿಂದ ಕೆಳಗಿನ ಅಂಚಿಗೆ 104 ಮಿಮೀ ಇದೆ. ಚಕ್ಕು ತ್ರೆಡ್ಡಿನದೇ.

ಹಳೇ ಟರ್ನರ್ (ಹರಿಹರ) · ಭಾನುವಾರ ರಾತ್ರಿ 10:40

ಗೇರಿನ ಅರ್ಧ ವ್ಯಾಸಕ್ಕೆ 97 ಬೇಕು, 104 ಇದೆ. ಕೂರುತ್ತದೆ. ನನ್ನ ಗೇರಿನ ತೂತು 25, ಒಂದು ಬುಷ್ ಮಾಡಿದರೆ ಸಾಕು, ಅದನ್ನು ನಿಮ್ಮ ಲೇಥಿನಲ್ಲೇ ನೀವೇ ಮಾಡಿ. ಬರುವ ಶನಿವಾರ ಮೈಸೂರಿಗೆ ಮಗಳ ಮನೆಗೆ ಬರುವುದಿದೆ. ಗೇರ್ ತರುತ್ತೇನೆ, ಜೊತೆಗೆ ಮೆಷಿನ್ ಲೆವೆಲ್ಲೂ ತರುತ್ತೇನೆ. ಬೆಡ್ಡು ತಿರುಚಿ ಕೂತಿದೆಯಾ ನೋಡಿಬಿಡೋಣ. ಕಾಲಿನ ಕೆಳಗೆ ಕೊಡಲು ತೆಳು ತಗಡಿನ ಚೂರು ನಾಲ್ಕಾರು ಕತ್ತರಿಸಿ ಇಟ್ಟಿರಿ.